ಲೈಸೆನ್ಸ್‌ಗೆ ಮೊದಲೇ ಬಾನೆಟ್ ಎತ್ತಬೇಕಾ? ಹೊಸ ಡ್ರೈವರ್‌ಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಕಾರು ಕಲಿಯುತ್ತಿರುವವರು, ಪಕ್ಕದ ಸೀಟಿನಲ್ಲಿ ಕೂತು ಮಕ್ಕಳಿಗೆ ಕಲಿಸುತ್ತಿರುವ ಅಪ್ಪ ಅಮ್ಮ, ಈಗಷ್ಟೇ ಲೈಸೆನ್ಸ್ ಕೈಗೆ ಬಂದವರು ನನ್ನನ್ನು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳು ಇವು. ಅವರು ಕೇಳಿದ ಮಾತಿನಲ್ಲೇ ಇಟ್ಟಿದ್ದೇನೆ. ಮೊದಲಿಂದಲೇ ಓದಬೇಕೆಂದಿಲ್ಲ, ನಿಮಗೆ ಬೇಕಾದ ಪ್ರಶ್ನೆಗೆ ನೇರ ಹೋಗಬಹುದು.

## ಶುರುವಿನ ಪ್ರಶ್ನೆಗಳು

ಓಡಿಸೋಕೆ ಬಂದರೆ ಸಾಲದಾ? ನಾನು ಡ್ರೈವರ್ ಆಗ್ಬೇಕು, ಮೆಕ್ಯಾನಿಕ್ ಅಲ್ಲವಲ್ಲ?

ಮೆಕ್ಯಾನಿಕ್ ಆಗಿ ಅಂತ ಯಾರೂ ಹೇಳುತ್ತಿಲ್ಲ. ರಿಪೇರಿ ಬೇರೆ, ನೋಡಿ ತಿಳಿಯುವುದು ಬೇರೆ. ಜ್ವರ ಬಂದಿದೆ ಅಂತ ಹಣೆ ಮುಟ್ಟಿ ತಿಳಿಯೋಕೆ ಡಾಕ್ಟರ್ ಆಗಬೇಕಿಲ್ಲ, ಅಲ್ವಾ? ಕಾರಿನ ವಿಷಯವೂ ಅಷ್ಟೇ. ಹೊಸ ಡ್ರೈವರ್‌ಗೆ ಮೂರು ಪ್ರಶ್ನೆಗೆ ಉತ್ತರ ಗೊತ್ತಿದ್ದರೆ ಸಾಕು. ಈ ಕಾರನ್ನು ಈಗ ರಸ್ತೆಗೆ ಇಳಿಸಬಹುದಾ? ದಾರಿಯಲ್ಲಿ ಏನೋ ಆಯಿತು, ಮುಂದೆ ಹೋಗಬಹುದಾ ಅಥವಾ ನಿಲ್ಲಿಸಬೇಕಾ? ನಿಲ್ಲಿಸಿದ ಮೇಲೆ ಏನನ್ನು ಮುಟ್ಟಬಹುದು, ಏನನ್ನು ಮುಟ್ಟಲೇಬಾರದು?

ಸ್ಟೀರಿಂಗ್ ತಿರುಗಿಸುವುದು, ಗೇರ್ ಹಾಕುವುದು ಎಷ್ಟು ಮುಖ್ಯವೋ ಈ ಮೂರು ತೀರ್ಮಾನವೂ ಅಷ್ಟೇ ಮುಖ್ಯ. ಬ್ರೇಕ್ ಒತ್ತೋಕೆ ಬಂದು, ಬ್ರೇಕ್ ಹಿಡಿಯುತ್ತಿಲ್ಲ ಅನ್ನೋದು ಗೊತ್ತಾಗದಿದ್ದರೆ ಡ್ರೈವಿಂಗ್ ಬಂತು ಅಂತ ನಾನು ಒಪ್ಪುವುದಿಲ್ಲ.

ಲೈಸೆನ್ಸ್ ಸಿಕ್ಕಿದ ಮೇಲೆ ನಿಧಾನಕ್ಕೆ ಕಲಿತರೆ ಆಗಲ್ವಾ?

ಆಗಬಹುದು. ಆದರೆ ಯಾರೂ ಕಲಿಯುವುದಿಲ್ಲ. ಲೈಸೆನ್ಸ್ ಕೈಗೆ ಬಂದ ದಿನವೇ ಕಲಿಯುವ ಮನಸ್ಸು ಮುಗಿದುಹೋಗುತ್ತದೆ. ಪಕ್ಕದಲ್ಲಿ ಕೂತು ಹೇಳಿಕೊಡುವವರೂ ಆಮೇಲೆ ಇರುವುದಿಲ್ಲ. ಕಲಿಯುವ ವಾರಗಳಲ್ಲಿ ಕಾರಿನ ಬಗ್ಗೆ ಏನು ಹೇಳಿದರೂ ತಲೆಗೆ ಹೋಗುತ್ತದೆ. ಆ ಸಮಯ ಮತ್ತೆ ಬರುವುದಿಲ್ಲ.

ನನಗೆ ಇದು ಅರ್ಥವಾದದ್ದು ನಷ್ಟದಿಂದ. ಲೈಸೆನ್ಸ್ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ರಾತ್ರಿ ಮನೆಗೆ ಬರುವಾಗ ಡ್ಯಾಶ್‌ಬೋರ್ಡ್‌ನಲ್ಲಿ ಕೆಂಪು ದೀಪ ಹೊತ್ತಿತು. ಎಣ್ಣೆ ಡಬ್ಬಿಯ ಚಿತ್ರ, ಮೂತಿಯಲ್ಲಿ ಒಂದು ತೊಟ್ಟು. ಆಯಿಲ್ ಕಡಿಮೆ ಇದೆ, ನಾಳೆ ಹಾಕಿಸಿದರಾಯಿತು ಅಂದುಕೊಂಡೆ. ಮನೆಗೆ ಇನ್ನು ಆರು ಕಿಲೋಮೀಟರ್ ಇತ್ತು. ನಾಲ್ಕು ದಾಟುವಷ್ಟರಲ್ಲಿ ಎಂಜಿನ್‌ನಿಂದ ಕಟಕಟ ಸದ್ದು ಶುರುವಾಯಿತು, ಆಮೇಲೆ ಕಾರು ತಾನಾಗಿಯೇ ನಿಂತಿತು. ಮರುದಿನ ಮೆಕ್ಯಾನಿಕ್ ಕೆಳಗಿನಿಂದ ಉಳಿದಿದ್ದ ಸ್ವಲ್ಪ ಆಯಿಲನ್ನು ಅಂಗೈಗೆ ಬಿಟ್ಟುಕೊಂಡು ಬೆಳಕಿಗೆ ಹಿಡಿದರು. ಕಪ್ಪು ಎಣ್ಣೆಯಲ್ಲಿ ಬೆಳ್ಳಿ ಪುಡಿಯ ಹಾಗೆ ಏನೋ ಮಿನುಗುತ್ತಿತ್ತು. ಅದು ಎಂಜಿನ್ ಒಳಗಿನ ಬೇರಿಂಗ್‌ಗಳ ಲೋಹ. ಆಯಿಲ್ ಬಿಡುವ ಬೋಲ್ಟ್ ಸಡಿಲವಾಗಿ, ದಾರಿಯುದ್ದಕ್ಕೂ ಸೋರಿತ್ತು.

ಆ ದೀಪ ಹೊತ್ತಿದ ಕೂಡಲೇ ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಆಫ್ ಮಾಡಿದ್ದರೆ ಒಂದು ಬೋಲ್ಟ್, ಒಂದು ಡಬ್ಬಿ ಆಯಿಲ್‌ನಲ್ಲಿ ಮುಗಿಯುತ್ತಿತ್ತು. ನಾನು ಪರೀಕ್ಷೆಯಲ್ಲಿ ಚೆನ್ನಾಗಿಯೇ ಓಡಿಸಿ ಪಾಸಾಗಿದ್ದೆ. ಆ ದೀಪದ ಅರ್ಥ ಏನು ಅಂತ ಅಲ್ಲಿಯವರೆಗೆ ಯಾರೂ ನನ್ನನ್ನು ಕೇಳಿರಲಿಲ್ಲ.

ಎಲ್ಲಾದರೂ ಪರೀಕ್ಷೆಯಲ್ಲಿ ಇದನ್ನೆಲ್ಲ ಕೇಳ್ತಾರಾ?

ಕೇಳುತ್ತಾರೆ. ಬ್ರಿಟನ್‌ನ ಡ್ರೈವಿಂಗ್ ಪರೀಕ್ಷೆಯಲ್ಲಿ ‘ತೋರಿಸಿ, ಹೇಳಿ’ ಅನ್ನುವ ಪ್ರಶ್ನೆಗಳಿವೆ. 2017ರ ಡಿಸೆಂಬರ್‌ನಿಂದ ‘ಹೇಳಿ’ ಪ್ರಶ್ನೆಯನ್ನು ಕಾರು ಹೊರಡುವ ಮೊದಲು ಕೇಳುತ್ತಾರೆ: ಟೈರಿನ ಗಾಳಿ ಎಷ್ಟಿರಬೇಕು ಅಂತ ಎಲ್ಲಿ ನೋಡುತ್ತೀರಿ, ಎಂಜಿನ್ ಆಯಿಲ್ ಸಾಕಷ್ಟಿದೆ ಅಂತ ಹೇಗೆ ತಿಳಿಯುತ್ತೀರಿ, ಈ ಥರ. ‘ತೋರಿಸಿ’ ಪ್ರಶ್ನೆ ಓಡಿಸುತ್ತಿರುವಾಗಲೇ ಬರುತ್ತದೆ: ಮುಂದಿನ ಗಾಜಿಗೆ ನೀರು ಚಿಮ್ಮಿಸಿ ಒರೆಸಿ ತೋರಿಸಿ, ಹಿಂದಿನ ಗಾಜಿನ ಮಂಜು ತೆಗೆಯುವ ಸ್ವಿಚ್ ಹಾಕಿ. ಉತ್ತರ ತಪ್ಪಾದರೆ ಸಣ್ಣ ತಪ್ಪು ಅಂತ ಬರೆದುಕೊಳ್ಳುತ್ತಾರೆ. ಅದೊಂದರಿಂದಲೇ ಫೇಲ್ ಆಗುವುದಿಲ್ಲ.

ಯುರೋಪಿಯನ್ ಒಕ್ಕೂಟ ಲೈಸೆನ್ಸ್ ಬಗ್ಗೆ 2006ರಲ್ಲಿ ಮಾಡಿದ ನಿಯಮದಲ್ಲೂ ಇದು ಇದೆ. ಟೈರ್, ಸ್ಟೀರಿಂಗ್, ಬ್ರೇಕ್, ಆಯಿಲ್ ಮತ್ತು ಕೂಲೆಂಟ್ (ಎಂಜಿನ್ ತಣ್ಣಗಿಡುವ ದ್ರವ), ದೀಪ, ಇಂಡಿಕೇಟರ್, ಹಾರ್ನ್ ಇವುಗಳಲ್ಲಿ ಕೆಲವನ್ನು ಆರಿಸಿ, ಪರಿಶೀಲಿಸಿ ತೋರಿಸಿ ಅಂತ ಅಭ್ಯರ್ಥಿಗೆ ಹೇಳಬೇಕು. ಎರಡೂ ಕಡೆ ಕೇಳುವುದು ರಿಪೇರಿಯನ್ನಲ್ಲ, ಪರಿಶೀಲನೆಯನ್ನು. ನಾನು ಹೇಳುತ್ತಿರುವುದೂ ಅದನ್ನೇ.

ಹಾಗಾದರೆ ಕನಿಷ್ಠ ಎಷ್ಟು ಕಲಿತಿರಬೇಕು?

ನನ್ನ ಲೆಕ್ಕ ಹೀಗಿದೆ. ಟೈರಿನ ಗಾಳಿ ನೋಡಿ ತುಂಬಿಸಲು ಬರಬೇಕು. ಟೈರ್ ಸವೆದಿದೆಯಾ ಅಂತ ಕಣ್ಣಿಗೆ ಗೊತ್ತಾಗಬೇಕು. ಎಂಜಿನ್ ಆಯಿಲ್, ಕೂಲೆಂಟ್, ಬ್ರೇಕ್ ಆಯಿಲ್, ಗಾಜು ತೊಳೆಯುವ ನೀರು ಎಲ್ಲೆಲ್ಲಿವೆ, ಎಷ್ಟಿರಬೇಕು ಅಂತ ತೋರಿಸಲು ಬರಬೇಕು. ಎಲ್ಲ ದೀಪಗಳೂ ಉರಿಯುತ್ತಿವೆಯಾ ಅಂತ ಒಬ್ಬರೇ ನೋಡಿಕೊಳ್ಳಬೇಕು. ಕೆಂಪು ದೀಪಗಳ ಅರ್ಥ ಬಾಯಿಗೆ ಬಂದಿರಬೇಕು. ಒಮ್ಮೆಯಾದರೂ ಸ್ವಂತ ಕೈಯಿಂದ ಚಕ್ರ ಬಿಚ್ಚಿ ಹಾಕಿರಬೇಕು.

ಇಷ್ಟಕ್ಕೆ ಎರಡು ಮಧ್ಯಾಹ್ನ ಸಾಕು. ಜಾಸ್ತಿ ಏನಲ್ಲ.

ನನ್ನ ಹತ್ತಿರ ಸ್ವಂತ ಕಾರೇ ಇಲ್ಲ. ಕಲಿತು ಏನು ಪ್ರಯೋಜನ?

ಸ್ವಂತ ಕಾರಿಲ್ಲದವರಿಗೇ ಇದು ಹೆಚ್ಚು ಬೇಕು. ಬಾಡಿಗೆ ಕಾರು, ಗೆಳೆಯರ ಕಾರು, ಆಫೀಸಿನ ಕಾರು ಯಾರು ಯಾರ ಕೈ ದಾಟಿ ಬಂದಿರುತ್ತವೋ. ಕೊನೆಯ ಸಲ ಗಾಳಿ ನೋಡಿದ್ದು ಯಾವಾಗ ಅಂತ ಕೊಟ್ಟವರಿಗೂ ಗೊತ್ತಿರುವುದಿಲ್ಲ. ಕೀಲಿ ತೆಗೆದುಕೊಂಡ ಮೇಲೆ ಕಾರಿನ ಸುತ್ತ ಒಂದು ಸುತ್ತು ಬನ್ನಿ. ನಾಲ್ಕೂ ಟೈರ್ ನೋಡಿ, ಕಾರಿನ ಕೆಳಗೆ ಏನಾದರೂ ತೊಟ್ಟಿಕ್ಕಿದೆಯಾ ಬಗ್ಗಿ ನೋಡಿ, ಸ್ಟೆಪ್ನಿ ಮತ್ತು ಜಾಕ್ ಇವೆಯಾ ಕೇಳಿ. ಎರಡು ನಿಮಿಷದ ಕೆಲಸ.

ನನಗೆ ಕಲಿಸುವವರು ಬಾನೆಟ್ ತೆರೆಯೋದೇ ಇಲ್ಲ. ನಾನೇ ಹೇಗೆ ಕಲಿಯಲಿ?

ಮೊದಲು ಬಾಯಿಬಿಟ್ಟು ಕೇಳಿ. ಒಂದು ಪಾಠ ನಿಂತ ಕಾರಿನಲ್ಲೇ ಆಗಲಿ ಅಂತ ಹೇಳಿದರೆ ತುಂಬಾ ಜನ ಒಪ್ಪುತ್ತಾರೆ. ಒಪ್ಪದಿದ್ದರೆ ಕಾರಿನ ಜೊತೆ ಬಂದ ಪುಸ್ತಕ ತೆಗೆಯಿರಿ. ಡ್ಯಾಶ್‌ಬೋರ್ಡ್ ಪೆಟ್ಟಿಗೆಯಲ್ಲಿ ವರ್ಷಗಟ್ಟಲೆ ಪ್ಲಾಸ್ಟಿಕ್ ಕವರಿನಲ್ಲೇ ಇರುವ ಆ ಪುಸ್ತಕದಲ್ಲಿ ನಿಮ್ಮದೇ ಕಾರಿನ ದೀಪಗಳ ಚಿತ್ರ, ಜಾಕ್ ಇಡುವ ಜಾಗ, ಯಾವ ಆಯಿಲ್ ಅನ್ನುವುದು ಎಲ್ಲಾ ಇದೆ. ವಿಡಿಯೋ ನೋಡಿ ಕಲಿಯುವವರೂ ಜಾಕ್ ಇಡುವ ಜಾಗವನ್ನು ಮಾತ್ರ ಪುಸ್ತಕದಲ್ಲೇ ನೋಡಿ. ಅದು ಒಂದೊಂದು ಕಾರಿಗೆ ಒಂದೊಂದು ಕಡೆ ಇರುತ್ತದೆ.

## ಕೈ ಹಾಕಿ ಕಲಿಯುವಾಗ

ಟೈರಿಗೆ ಎಷ್ಟು ಗಾಳಿ ಹಾಕಬೇಕು? ಟೈರಿನ ಮೇಲೇ ಬರೆದಿದೆಯಲ್ಲ?

ಎಲ್ಲರೂ ಎಡವುವುದು ಇಲ್ಲೇ. ಟೈರಿನ ಪಕ್ಕದಲ್ಲಿ ಅಚ್ಚಾದ ಸಂಖ್ಯೆ ಆ ಟೈರ್ ತಡೆಯುವ ಗರಿಷ್ಠ ಒತ್ತಡ. ನಿಮ್ಮ ಕಾರಿಗೆ ಬೇಕಾದದ್ದು ಅದಲ್ಲ. ಡ್ರೈವರ್ ಬಾಗಿಲು ತೆರೆದರೆ ಚೌಕಟ್ಟಿನ ಮೇಲೆ ಒಂದು ಸ್ಟಿಕ್ಕರ್ ಕಾಣುತ್ತದೆ. ಕೆಲವು ಕಾರುಗಳಲ್ಲಿ ಪೆಟ್ರೋಲ್ ಮುಚ್ಚಳದ ಒಳಗಿರುತ್ತದೆ. ಮುಂದಿನ ಚಕ್ರಕ್ಕೆ ಎಷ್ಟು, ಹಿಂದಿನದಕ್ಕೆ ಎಷ್ಟು, ಕಾರು ತುಂಬಾ ಜನ ಮತ್ತು ಸಾಮಾನಿದ್ದರೆ ಎಷ್ಟು ಅಂತ ಅಲ್ಲಿ ಬರೆದಿರುತ್ತದೆ.

ಟೈರ್ ತಣ್ಣಗಿರುವಾಗ ನೋಡಿ. ಓಡಿದ ಟೈರ್ ಬಿಸಿಯಾಗಿ ಗಾಳಿಯ ಒತ್ತಡ ಏರುತ್ತದೆ. ಹೆಚ್ಚುಕಡಿಮೆ ಪ್ರತಿ 5 ಅಥವಾ 6 ಡಿಗ್ರಿ ಸೆಲ್ಸಿಯಸ್‌ಗೆ 1 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ವ್ಯತ್ಯಾಸ. ಬಿಸಿ ಟೈರಿನಲ್ಲಿ ಜಾಸ್ತಿ ತೋರಿಸಿತು ಅಂತ ಗಾಳಿ ಬಿಟ್ಟರೆ, ತಣ್ಣಗಾದ ಮೇಲೆ ಕಡಿಮೆ ಬೀಳುತ್ತದೆ. ಗಾಳಿ ಕಡಿಮೆ ಇರುವುದೇ ದೊಡ್ಡ ಅಪಾಯ. ಟೈರಿನ ಪಕ್ಕೆ ಪ್ರತಿ ಸುತ್ತಿಗೂ ಮಡಚಿ ಬಿಚ್ಚಿ, ಒಳಗೊಳಗೇ ಕಾದು, ವೇಗದಲ್ಲಿರುವಾಗ ಒಡೆಯಬಹುದು. ತಿಂಗಳಿಗೊಮ್ಮೆ, ದೂರದ ಪ್ರಯಾಣಕ್ಕೆ ಮೊದಲು ಒಮ್ಮೆ ನೋಡಿದರೆ ಸಾಕು. ಸ್ಟೆಪ್ನಿಯನ್ನೂ ಸೇರಿಸಿ. ಪಂಕ್ಚರ್ ಆದ ಮೇಲೆ ಸ್ಟೆಪ್ನಿಯಲ್ಲೂ ಗಾಳಿ ಇಲ್ಲ ಅಂತ ಗೊತ್ತಾಗುವುದು ತೀರಾ ಬೇಸರದ ವಿಷಯ.

ಟೈರ್ ಬದಲಿಸೋ ಹೊತ್ತು ಬಂತು ಅಂತ ಹೇಗೆ ಗೊತ್ತಾಗುತ್ತೆ?

ಟೈರಿನ ಗೀರುಗಳ ಆಳದಲ್ಲಿ ಅಲ್ಲಲ್ಲಿ ಅಡ್ಡಕ್ಕೆ ಸಣ್ಣ ರಬ್ಬರ್ ದಿಣ್ಣೆಗಳಿರುತ್ತವೆ. ಟೈರ್ ಸವೆದು ಆ ದಿಣ್ಣೆಯ ಮಟ್ಟಕ್ಕೆ ಬಂತು ಅಂದರೆ 1.6 ಮಿ.ಮೀ. ಉಳಿದಿದೆ ಅಂತ ಅರ್ಥ. ಬಹಳಷ್ಟು ದೇಶಗಳಲ್ಲಿ ಕಾನೂನಿನ ಮಿತಿ ಅದೇ. ಒದ್ದೆ ರಸ್ತೆಯಲ್ಲಿ ಹಿಡಿತ ಅದಕ್ಕಿಂತ ಮೊದಲೇ ಕಡಿಮೆಯಾಗಿರುತ್ತದೆ, ಹಾಗಾಗಿ ಅಲ್ಲಿಯವರೆಗೆ ಕಾಯಬೇಡಿ.

ಸವೆತ ಎಲ್ಲಿದೆ ಅನ್ನುವುದೂ ಒಂದು ಸುದ್ದಿ ಹೇಳುತ್ತದೆ. ನಡುವೆ ಮಾತ್ರ ಸವೆದಿದ್ದರೆ ಗಾಳಿ ಜಾಸ್ತಿ ಹಾಕಿ ಓಡಿಸಿದ್ದಾರೆ. ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ. ಒಂದೇ ಅಂಚು ಸವೆದಿದ್ದರೆ ಅಲೈನ್‌ಮೆಂಟ್, ಅಂದರೆ ಚಕ್ರಗಳು ಸರಿಯಾದ ಕೋನದಲ್ಲಿ ಕೂತಿವೆಯಾ ಅಂತ ನೋಡಿಸಬೇಕು. ಟೈರ್ ಎಷ್ಟು ಹಳೆಯದು ಅಂತ ತಿಳಿಯಲು ಪಕ್ಕದಲ್ಲಿ ನಾಲ್ಕು ಅಂಕಿ ಹುಡುಕಿ. 2319 ಅಂತಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಹಳೆಯ ಕಾರು ಕೊಳ್ಳುವಾಗ ಈ ನಾಲ್ಕು ಅಂಕಿ ತುಂಬಾ ಉಪಯೋಗಕ್ಕೆ ಬರುತ್ತದೆ.

ಡಿಪ್‌ಸ್ಟಿಕ್ ಎಳೆದು ನೋಡಿದೆ, ಏನೂ ಅರ್ಥ ಆಗಲಿಲ್ಲ. ಹೇಗೆ ನೋಡೋದು?

ಕಾರು ಸಮತಟ್ಟಾದ ಜಾಗದಲ್ಲಿರಲಿ. ಎಂಜಿನ್ ಆಫ್ ಮಾಡಿ ಐದಾರು ನಿಮಿಷ ಬಿಡಿ, ಮೇಲೆ ಹೋದ ಆಯಿಲ್ ಕೆಳಗೆ ಇಳಿಯಬೇಕು. ಉಂಗುರದ ಹಾಗಿರುವ ಹಿಡಿಯನ್ನು ಎಳೆದು ಡಿಪ್‌ಸ್ಟಿಕ್, ಅಂದರೆ ಆಯಿಲ್ ಅಳೆಯುವ ಕಡ್ಡಿಯನ್ನು ಹೊರತೆಗೆಯಿರಿ. ಮೊದಲ ಸಲ ಕಾಣುವುದನ್ನು ನಂಬಬೇಡಿ, ಪೈಪಿನ ಗೋಡೆಗೆ ತಗುಲಿದ ಎಣ್ಣೆ ಕಡ್ಡಿಯುದ್ದಕ್ಕೂ ಮೆತ್ತಿಕೊಂಡಿರುತ್ತದೆ. ಬಟ್ಟೆಯಲ್ಲಿ ತುದಿಯವರೆಗೆ ಒರೆಸಿ. ಮತ್ತೆ ಪೂರ್ತಿ ಒಳಗೆ ತಳ್ಳಿ, ನಿಧಾನ ಎಳೆಯಿರಿ. ಈಗ ಕಡ್ಡಿಯನ್ನು ಸ್ವಲ್ಪ ಓರೆಯಾಗಿ ಬೆಳಕಿಗೆ ಹಿಡಿಯಿರಿ. ಕೆಳಗೊಂದು ಗುರುತು, ಮೇಲೊಂದು ಗುರುತು. ಒದ್ದೆಯ ಗೆರೆ ಅವೆರಡರ ನಡುವೆ ಇದ್ದರೆ ಸರಿ.

ಕೆಳಗಿನ ಗುರುತಿಗೆ ಬಂದಿದ್ದರೆ ಪುಸ್ತಕದಲ್ಲಿ ಹೇಳಿದ ಆಯಿಲನ್ನು ಸ್ವಲ್ಪ ಸ್ವಲ್ಪವೇ ಹಾಕಿ, ಮತ್ತೆ ನೋಡಿ. ಎಷ್ಟೋ ಕಾರುಗಳಲ್ಲಿ ಎರಡು ಗುರುತುಗಳ ನಡುವಿನ ಅಂತರ ಸುಮಾರು ಒಂದು ಲೀಟರ್. ಮೇಲಿನ ಗುರುತು ದಾಟಿಸಬೇಡಿ. ಜಾಸ್ತಿ ಇದ್ದರೆ ಒಳಗೆ ತಿರುಗುವ ಕ್ರ್ಯಾಂಕ್‌ಶಾಫ್ಟ್ ಆಯಿಲನ್ನು ಕಡೆದು ನೊರೆ ಮಾಡುತ್ತದೆ. ನೊರೆ ಎಂಜಿನ್ನನ್ನು ಕಾಪಾಡುವುದಿಲ್ಲ.

ಬಣ್ಣ ಕಪ್ಪಾಗಿದೆ ಅಂತ ಗಾಬರಿ ಬೇಡ, ಡೀಸೆಲ್ ಕಾರಿನಲ್ಲಂತೂ ಬದಲಿಸಿದ ಸ್ವಲ್ಪ ದಿನಕ್ಕೇ ಕಪ್ಪಾಗುತ್ತದೆ. ಆದರೆ ಹಾಲು ಬೆರೆಸಿದ ಹಾಗೆ ಕಂಡರೆ ನೀರು ಸೇರಿರಬಹುದು, ಮೆಕ್ಯಾನಿಕ್‌ಗೆ ತೋರಿಸಿ. ಕೆಲವು ಹೊಸ ಕಾರುಗಳಲ್ಲಿ ಡಿಪ್‌ಸ್ಟಿಕ್ಕೇ ಇಲ್ಲ, ಅಳತೆ ಸ್ಕ್ರೀನಿನಲ್ಲಿ ಬರುತ್ತದೆ.

ಪಂಕ್ಚರ್ ಆದರೆ ಚಕ್ರ ಬದಲಿಸೋದು ಹೇಗೆ? ಭಯ ಆಗುತ್ತೆ.

ಮೊದಲ ಸಲ ರಸ್ತೆ ಬದಿಯಲ್ಲಿ, ಕತ್ತಲೆಯಲ್ಲಿ ಮಾಡಿದರೆ ಯಾರಿಗಾದರೂ ಭಯ ಆಗುತ್ತದೆ. ಅದಕ್ಕೇ ಲೈಸೆನ್ಸ್‌ಗೆ ಮೊದಲು ಹಗಲಿನಲ್ಲಿ, ಖಾಲಿ ಜಾಗದಲ್ಲಿ ಒಮ್ಮೆ ಮಾಡಿ ಅಂತ ನಾನು ಹಟ ಹಿಡಿಯುವುದು.

ಓಡುತ್ತಿರುವಾಗ ಪಂಕ್ಚರ್ ಆದರೆ ಬ್ರೇಕನ್ನು ಜೋರಾಗಿ ಒತ್ತಬೇಡಿ. ಸ್ಟೀರಿಂಗ್ ಗಟ್ಟಿ ಹಿಡಿದು, ಆಕ್ಸಿಲರೇಟರ್‌ನಿಂದ ಕಾಲು ತೆಗೆದು, ವೇಗ ತಾನಾಗಿ ಇಳಿಯಲು ಬಿಡಿ. ಸಮತಟ್ಟಾದ, ಗಟ್ಟಿ ನೆಲ ಸಿಗುವ ತನಕ ನಿಧಾನಕ್ಕೆ ಹೋಗಿ. ಟೈರ್ ಹಾಳಾದರೂ ಪರವಾಗಿಲ್ಲ, ತಿರುವಿನಲ್ಲಿ ಮಾತ್ರ ನಿಲ್ಲಬೇಡಿ. ನಾಲ್ಕೂ ಇಂಡಿಕೇಟರ್ ಹಾಕಿ. ಒಳಗಿದ್ದವರೆಲ್ಲ ಇಳಿದು ರಸ್ತೆಯಿಂದ ದೂರ ನಿಲ್ಲಲಿ. ಹ್ಯಾಂಡ್‌ಬ್ರೇಕ್ ಎಳೆದು ಗೇರಿನಲ್ಲಿಡಿ, ಆಟೊಮ್ಯಾಟಿಕ್ ಆದರೆ ಪಾರ್ಕ್‌ನಲ್ಲಿ. ಬಿಚ್ಚುವ ಚಕ್ರದ ಎದುರು ಮೂಲೆಯ ಚಕ್ರಕ್ಕೆ ಕಲ್ಲು ಕೊಡಿ.

ಈಗ ಎಲ್ಲರೂ ಮರೆಯುವ ಮಾತು. ಕಾರು ಎತ್ತುವ ಮೊದಲೇ ನಟ್‌ಗಳನ್ನು ಅರ್ಧ ಸುತ್ತು ಸಡಿಲ ಮಾಡಿ. ಎತ್ತಿದ ಮೇಲೆ ತಿರುಗಿಸಿದರೆ ಚಕ್ರವೇ ತಿರುಗುತ್ತದೆ, ಕಾರು ಜಾಕ್‌ನಿಂದ ಜಾರಬಹುದು. ಪುಸ್ತಕ ಹೇಳಿದ ಜಾಗದಲ್ಲೇ ಜಾಕ್ ಇಟ್ಟು, ಟೈರ್ ನೆಲ ಬಿಡುವಷ್ಟು ಎತ್ತಿ. ಸ್ಟೆಪ್ನಿಯನ್ನು ಪಕ್ಕದಲ್ಲೇ ಕಾರಿನ ಅಡಿಗೆ ಮಲಗಿಸಿಡಿ. ಜಾಕ್ ಜಾರಿದರೂ ಕಾರು ಅದರ ಮೇಲೆ ಕೂರುತ್ತದೆ. ಬಿಚ್ಚಿದ ಚಕ್ರವನ್ನು ಅದೇ ಜಾಗಕ್ಕೆ ತಳ್ಳಿ ಸ್ಟೆಪ್ನಿ ಎತ್ತಿಕೊಳ್ಳಿ. ಬರೀ ಜಾಕ್ ಮೇಲೆ ನಿಂತ ಕಾರಿನ ಕೆಳಗೆ ಕೈಕಾಲು, ತಲೆ ಯಾವತ್ತೂ ಹಾಕಬೇಡಿ.

ಹೊಸ ಚಕ್ರಕ್ಕೆ ನಟ್‌ಗಳನ್ನು ಮೊದಲು ಬೆರಳಲ್ಲೇ ತಿರುಗಿಸಿ. ಕಾರು ಇಳಿಸಿದ ಮೇಲೆ ಸ್ಪ್ಯಾನರ್‌ನಿಂದ ಬಿಗಿ ಮಾಡಿ. ಒಂದರ ಪಕ್ಕ ಒಂದಲ್ಲ, ಎದುರುಬದುರು, ನಕ್ಷತ್ರ ಬರೆದ ಹಾಗೆ. 50 ರಿಂದ 100 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ಬಿಗಿ ನೋಡಿ. ಸ್ಟೆಪ್ನಿ ಬೇರೆ ಚಕ್ರಗಳಿಗಿಂತ ತೆಳ್ಳಗಿದ್ದರೆ ಅದು ತಾತ್ಕಾಲಿಕ ಚಕ್ರ. ಸಾಮಾನ್ಯವಾಗಿ 80 ಕಿ.ಮೀ. ವೇಗ ದಾಟಬಾರದು ಅಂತ ಅದರ ಮೇಲೇ ಬರೆದಿರುತ್ತದೆ.

ಹೆದ್ದಾರಿಯಲ್ಲಿ ಗಾಡಿಗಳು ಮೈ ಸವರಿ ಹೋಗುವಷ್ಟು ಹತ್ತಿರದಲ್ಲಿ ನಿಂತಿದ್ದರೆ ಚಕ್ರ ಬದಲಿಸುವ ಧೈರ್ಯ ಬೇಡ. ತಡೆಗೋಡೆಯ ಆಚೆ ನಿಂತು ಸಹಾಯಕ್ಕೆ ಫೋನ್ ಮಾಡಿ. ಬರುತ್ತದೆ ಅಂದರೆ ಎಲ್ಲಿ ಬೇಕಾದರೂ ಮಾಡಬಹುದು ಅಂತಲ್ಲ.

ನಟ್ ತಿರುಗಿಸುವಷ್ಟು ಶಕ್ತಿ ನನಗಿಲ್ಲ. ಹಾಗಾದರೆ ನಾನು ಓಡಿಸಬಾರದಾ?

ಖಂಡಿತ ಓಡಿಸಬಹುದು. ಮೆಷಿನ್‌ನಿಂದ ಬಿಗಿ ಮಾಡಿದ ನಟ್ ಎಂಥವರಿಗೂ ಒಮ್ಮೊಮ್ಮೆ ಬಗ್ಗುವುದಿಲ್ಲ. ಉದ್ದ ಹಿಡಿಯ ಸ್ಪ್ಯಾನರ್ ಇಟ್ಟುಕೊಂಡರೆ ಅರ್ಧ ಶಕ್ತಿ ಸಾಕು. ಅದೂ ಆಗದಿದ್ದರೆ ಹೇಗೆ ಮಾಡಬೇಕು ಅಂತ ಗೊತ್ತಿದ್ದರೂ ಸಾಕು. ಸಹಾಯಕ್ಕೆ ಬಂದವರು ಜಾಕನ್ನು ತಪ್ಪು ಜಾಗದಲ್ಲಿಟ್ಟರೆ ‘ಅಲ್ಲಲ್ಲ, ಇಲ್ಲಿ’ ಅಂತ ಹೇಳುವವರು ನೀವೇ ಆಗುತ್ತೀರಿ.

ಕಾರು ಬಿಸಿಯಾಗಿ ಹೊಗೆ ಬಂದರೆ ನೀರು ಹಾಕಬಹುದಾ?

ತಕ್ಷಣ ಬೇಡ. ಬಿಸಿ ಎಂಜಿನ್‌ನ ಕೂಲೆಂಟ್ ಮುಚ್ಚಳ ತೆರೆಯಬೇಡಿ. ಕೂಲೆಂಟ್ ಒತ್ತಡದಲ್ಲಿರುವ ದ್ರವ. ಒತ್ತಡ ಇರುವುದರಿಂದಲೇ ಅದು 100 ಡಿಗ್ರಿ ದಾಟಿದರೂ ಕುದಿಯದೆ ಉಳಿದಿರುತ್ತದೆ. ಮುಚ್ಚಳ ತಿರುಗಿಸಿದ ಕ್ಷಣ ಒತ್ತಡ ಹೋಗಿ, ಅದು ಒಮ್ಮೆಲೇ ಕುದಿದು ಮುಖಕ್ಕೆ, ಕೈಗೆ ಚಿಮ್ಮುತ್ತದೆ. ಸುಟ್ಟ ಗಾಯ ತುಂಬಾ ಕೆಟ್ಟದು.

ಪಕ್ಕಕ್ಕೆ ನಿಲ್ಲಿಸಿ, ಎಂಜಿನ್ ಆಫ್ ಮಾಡಿ. ನಿಲ್ಲಿಸಲು ಜಾಗ ಸಿಗುವ ತನಕ ಎಸಿ ಆಫ್ ಮಾಡಿ, ಹೀಟರ್ ಪೂರ್ತಿ ಹಾಕಿ, ಕಿಟಕಿ ತೆಗೆಯಿರಿ. ಎಂಜಿನ್‌ನ ಬಿಸಿ ಸ್ವಲ್ಪ ಹೀಟರ್ ಮೂಲಕ ಹೊರಗೆ ಬರುತ್ತದೆ. ಕನಿಷ್ಠ ಅರ್ಧ ಗಂಟೆ, ಬೇಕಾದರೆ ಇನ್ನೂ ಜಾಸ್ತಿ ಕಾಯಿರಿ. ಮುಚ್ಚಳ ಮುಟ್ಟಿದರೆ ತಣ್ಣಗಿರಬೇಕು. ಆಮೇಲೆ ದಪ್ಪ ಬಟ್ಟೆ ಹಿಡಿದು, ಮುಖ ದೂರ ಇಟ್ಟು, ನಿಧಾನಕ್ಕೆ ತಿರುಗಿಸಿ.

## ಡ್ಯಾಶ್‌ಬೋರ್ಡ್ ಮಾತಾಡಿದಾಗ

ಅಷ್ಟೊಂದು ದೀಪಗಳಿವೆ. ಯಾವುದಕ್ಕೆ ನಿಲ್ಲಿಸಬೇಕು, ಯಾವುದಕ್ಕೆ ಬೇಡ?

ಬಣ್ಣ ನೋಡಿ. ಕೆಂಪು ಅಂದರೆ ಸುರಕ್ಷಿತ ಜಾಗ ಸಿಕ್ಕಿದ ಕೂಡಲೇ ನಿಲ್ಲಿಸಿ. ಹಳದಿ ಅಂದರೆ ಬೇಗ ತೋರಿಸಿ. ಹಸಿರು, ನೀಲಿ ಅಂದರೆ ಏನೋ ಆನ್ ಆಗಿದೆ ಅಷ್ಟೇ.

ಕೆಂಪಿನಲ್ಲಿ ನಾಲ್ಕನ್ನು ಬಾಯಿಪಾಠ ಮಾಡಿ. ಎಣ್ಣೆ ಡಬ್ಬಿ: ಎಂಜಿನ್‌ನೊಳಗೆ ಆಯಿಲ್ ಒತ್ತಡ ಹೋಗಿದೆ, ಕೂಡಲೇ ಆಫ್. ಥರ್ಮಾಮೀಟರ್: ಅತಿ ಬಿಸಿ, ನಿಲ್ಲಿಸಿ. ವೃತ್ತದೊಳಗೆ ಆಶ್ಚರ್ಯಸೂಚಕ: ಮೊದಲು ಹ್ಯಾಂಡ್‌ಬ್ರೇಕ್ ಪೂರ್ತಿ ಇಳಿದಿದೆಯಾ ನೋಡಿ. ಇಳಿದಿದ್ದೂ ಹೊತ್ತಿದ್ದರೆ ಬ್ರೇಕ್ ಆಯಿಲ್ ಕಡಿಮೆ ಇರಬಹುದು, ಓಡಿಸಬೇಡಿ. ಬ್ಯಾಟರಿ ಚಿತ್ರ: ಎಂಜಿನ್ ಓಡುವಾಗ ಕರೆಂಟ್ ತಯಾರಿಸುವ ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿಲ್ಲ, ಕಾರು ಬ್ಯಾಟರಿಯಲ್ಲಿ ಉಳಿದಿದ್ದರ ಮೇಲೆ ಓಡುತ್ತಿದೆ. ಬೆಲ್ಟ್ ತುಂಡಾಗಿದ್ದರೂ ಇದೇ ದೀಪ ಬರುತ್ತದೆ. ಎಷ್ಟೋ ಕಾರುಗಳಲ್ಲಿ ನೀರಿನ ಪಂಪನ್ನು ತಿರುಗಿಸುವುದೂ ಅದೇ ಬೆಲ್ಟ್, ಹಾಗಾಗಿ ಬಿಸಿಯ ಮುಳ್ಳಿನ ಮೇಲೂ ಕಣ್ಣಿಡಿ.

ಹಳದಿ ಎಂಜಿನ್ ಚಿತ್ರ ಸುಮ್ನೆ ಹೊತ್ತಿ ನಿಂತಿದ್ದರೆ ಎರಡು ಮೂರು ದಿನದಲ್ಲಿ ತೋರಿಸಿ. ಮಿಟುಕುತ್ತಿದ್ದರೆ ಎಂಜಿನ್‌ನಲ್ಲಿ ಇಂಧನ ಸರಿಯಾಗಿ ಉರಿಯುತ್ತಿಲ್ಲ. ವೇಗ ಇಳಿಸಿ, ಆದಷ್ಟು ಬೇಗ ನಿಲ್ಲಿಸಿ. ಇಲ್ಲದಿದ್ದರೆ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸುಟ್ಟುಹೋಗುತ್ತದೆ, ಅದು ತುಂಬಾ ದುಬಾರಿ. ಹಳದಿ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ದೀಪ ಮಾತ್ರ ಹೊತ್ತಿದ್ದರೆ ಬ್ರೇಕ್ ಹಿಡಿಯುತ್ತದೆ, ಆದರೆ ಜೋರಾಗಿ ಒತ್ತಿದಾಗ ಚಕ್ರ ಲಾಕ್ ಆಗಿ ಜಾರಬಹುದು.

ಬ್ಯಾಟರಿ ಡೆಡ್ ಆದಾಗ ಕೇಬಲ್ ಹಾಕೋ ಕ್ರಮ ಯಾವುದು?

ಎರಡೂ ಕಾರು ಆಫ್ ಇರಲಿ, ಒಂದಕ್ಕೊಂದು ತಾಗಬಾರದು. ಕೆಂಪು ಕೇಬಲ್ ಮೊದಲು ಸತ್ತ ಬ್ಯಾಟರಿಯ ಪ್ಲಸ್‌ಗೆ, ಅದರ ಇನ್ನೊಂದು ತುದಿ ಒಳ್ಳೆಯ ಬ್ಯಾಟರಿಯ ಪ್ಲಸ್‌ಗೆ. ಕಪ್ಪು ಕೇಬಲ್ ಒಳ್ಳೆಯ ಬ್ಯಾಟರಿಯ ಮೈನಸ್‌ಗೆ. ಕೊನೆಯ ತುದಿಯನ್ನು ಸತ್ತ ಬ್ಯಾಟರಿಗೆ ಹಾಕಬೇಡಿ. ಅದರಿಂದ ದೂರದಲ್ಲಿ, ಎಂಜಿನ್‌ನ ಬಣ್ಣವಿಲ್ಲದ ಲೋಹಕ್ಕೆ ಕಚ್ಚಿಸಿ. ಕೊನೆಯ ಜೋಡಣೆಯಲ್ಲಿ ಕಿಡಿ ಹಾರುತ್ತದೆ, ಬ್ಯಾಟರಿಯಿಂದ ಹೊರಬರುವ ಹೈಡ್ರೋಜನ್ ಆ ಕಿಡಿಗೆ ಹೊತ್ತಿಕೊಳ್ಳಬಹುದು. ಒಳ್ಳೆಯ ಕಾರನ್ನು ಸ್ಟಾರ್ಟ್ ಮಾಡಿ, ಎರಡು ಮೂರು ನಿಮಿಷ ಬಿಟ್ಟು, ಇನ್ನೊಂದಕ್ಕೆ ಸೆಲ್ಫ್ ಹೊಡೆಯಿರಿ. ಬಿಚ್ಚುವಾಗ ಉಲ್ಟಾ ಕ್ರಮ.

ಪ್ಲಸ್ ಮೈನಸ್ ಅದಲುಬದಲಾದರೆ ಕಾರಿನ ಎಲೆಕ್ಟ್ರಾನಿಕ್ಸ್ ಸುಡುತ್ತದೆ. ಹಾಗಾಗಿ ಎರಡು ಸಲ ನೋಡಿ, ಆಮೇಲೆ ಜೋಡಿಸಿ. ಚೆನ್ನಾಗಿ ಚಾರ್ಜ್ ಆದ ಬ್ಯಾಟರಿ ನಿಂತ ಕಾರಿನಲ್ಲಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಎಂಜಿನ್ ಓಡುವಾಗ ಬಹುತೇಕ ಕಾರುಗಳಲ್ಲಿ 14ರ ಆಸುಪಾಸು ಬರಬೇಕು. ಬರದಿದ್ದರೆ ತೊಂದರೆ ಬ್ಯಾಟರಿಯದ್ದಲ್ಲ, ಚಾರ್ಜಿಂಗ್‌ನದ್ದು.

## ಇನ್ನೂ ಸ್ವಲ್ಪ ಒಳಕ್ಕೆ

ಬ್ರೇಕ್ ಆಯಿಲ್ ಸೋರಿಲ್ಲ, ಮಟ್ಟವೂ ಸರಿ ಇದೆ. ಆದರೂ ಬದಲಿಸಿ ಅಂತಾರೆ, ಯಾಕೆ?

ಬ್ರೇಕ್ ಆಯಿಲ್ ಗಾಳಿಯಿಂದ ತೇವ ಹೀರುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು ಅಂತ ನಿಯಮ. ತೇವ ಹೀರಿದ ಮೇಲೆ ಅದೇ ಆಯಿಲ್‌ಗೆ ಇಟ್ಟಿರುವ ಮಿತಿ 155 ಡಿಗ್ರಿ. ಉದ್ದ ಇಳಿಜಾರಿನಲ್ಲಿ ಬ್ರೇಕ್ ಒತ್ತುತ್ತಲೇ ಬಂದರೆ ಅಷ್ಟು ಬಿಸಿ ಆಗುವುದು ಕಷ್ಟವಲ್ಲ. ಆಯಿಲ್ ಕುದಿದರೆ ಆವಿಯ ಗುಳ್ಳೆ ಹುಟ್ಟುತ್ತದೆ. ದ್ರವವನ್ನು ಅದುಮಲು ಆಗುವುದಿಲ್ಲ, ಆವಿಯನ್ನು ಆಗುತ್ತದೆ. ಪೆಡಲ್ ಹತ್ತಿ ಒತ್ತಿದ ಹಾಗೆ ಕೆಳಗೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ಅದಕ್ಕೇ ಬಹುತೇಕ ಕಂಪನಿಗಳು ಎರಡು ವರ್ಷಕ್ಕೊಮ್ಮೆ ಬದಲಿಸಿ ಅನ್ನುತ್ತವೆ. ಇಳಿಜಾರಿನಲ್ಲಿ ಚಿಕ್ಕ ಗೇರಿನಲ್ಲಿ ಇಳಿಯಿರಿ ಅಂತ ಕಲಿಸುವವರು ಹೇಳುವುದಕ್ಕೂ ಇದೇ ಕಾರಣ. ಕಾರಣ ಗೊತ್ತಾದರೆ ಆ ಮಾತು ಮರೆಯುವುದಿಲ್ಲ.

ಹೊಸ ಕಾರುಗಳು ಗಾಳಿ ಕಡಿಮೆ ಆದರೂ ತಾವೇ ಹೇಳುತ್ತವೆ. ಇನ್ನು ನಾನೇಕೆ ನೋಡಲಿ?

ಹೇಳುತ್ತವೆ, ಆದರೆ ತಡವಾಗಿ. ಅಮೆರಿಕದ ನಿಯಮದಲ್ಲಿ ಗಾಳಿ ಇರಬೇಕಾದ್ದಕ್ಕಿಂತ 25 ಪ್ರತಿಶತ ಕಡಿಮೆ ಆದಾಗ ದೀಪ ಹೊತ್ತಿದರೆ ಸಾಕು. 32 ಪಿಎಸ್‌ಐ ಬೇಕಾದ ಟೈರ್ 24ಕ್ಕೆ ಇಳಿಯುವ ತನಕ ಕಾರು ಸುಮ್ಮನಿರಬಹುದು ಅಂತಾಯಿತು. ಸವೆತ, ಪಕ್ಕದ ಉಬ್ಬು, ಚುಚ್ಚಿಕೊಂಡ ಮೊಳೆ ಇವು ಸೆನ್ಸರ್‌ಗೆ ಕಾಣುವುದಿಲ್ಲ.

ಎಲೆಕ್ಟ್ರಿಕ್ ಕಾರಿಗೆ ಇದೆಲ್ಲ ಬೇಕಾ?

ಎಂಜಿನ್ ಆಯಿಲ್, ಬೆಲ್ಟ್ ಇವೆಲ್ಲ ಹೋಯಿತು. ಟೈರ್, ಬ್ರೇಕ್, ವೈಪರ್, ದೀಪ ಹಾಗೇ ಉಳಿದವು. ಬ್ಯಾಟರಿಯ ಭಾರದಿಂದ ಟೈರ್ ಬೇಗ ಸವೆಯುತ್ತದೆ. ಮೋಟಾರೇ ವೇಗ ಇಳಿಸುವುದರಿಂದ ಬ್ರೇಕ್ ಡಿಸ್ಕ್ ಕಡಿಮೆ ಬಳಕೆಯಾಗಿ ತುಕ್ಕು ಹಿಡಿಯಬಹುದು. ಇದರಲ್ಲೂ ಒಂದು ಸಣ್ಣ 12 ವೋಲ್ಟ್ ಬ್ಯಾಟರಿ ಇರುತ್ತದೆ, ಅದು ಸತ್ತರೆ ದೊಡ್ಡ ಬ್ಯಾಟರಿ ತುಂಬಿದ್ದರೂ ಕಾರು ಎಚ್ಚರಗೊಳ್ಳುವುದಿಲ್ಲ. ಕಿತ್ತಳೆ ಬಣ್ಣದ ಕೇಬಲ್‌ಗಳನ್ನು ಮುಟ್ಟಬೇಡಿ. ಅದರಲ್ಲಿ ನೂರಾರು ವೋಲ್ಟ್ ಹರಿಯುತ್ತದೆ.

ಫ್ಯೂಸ್ ಹೋಗಿತ್ತು, ದೊಡ್ಡದು ಹಾಕಿದೆ, ಸರಿಹೋಯಿತು. ತಪ್ಪಾ?

ತಪ್ಪು, ಇವತ್ತೇ ತೆಗೆಯಿರಿ. ಫ್ಯೂಸ್ ಸುಡುವುದು ವೈರ್ ಸುಡದಿರಲಿ ಅಂತ. 10 ಆಂಪಿಯರ್ ಜಾಗದಲ್ಲಿ 30 ಹಾಕಿದರೆ ಮುಂದಿನ ಸಲ ಫ್ಯೂಸ್ ಬದಲು ವೈರ್ ಹೊತ್ತಿಕೊಳ್ಳುತ್ತದೆ. ಬಣ್ಣವೇ ಅಳತೆ ಹೇಳುತ್ತದೆ: ಕೆಂಪು 10, ನೀಲಿ 15, ಹಳದಿ 20, ಹಸಿರು 30. ಅದೇ ಬಣ್ಣ ಹಾಕಿ. ಅದೂ ಹೋದರೆ ಎಲ್ಲೋ ಶಾರ್ಟ್ ಇದೆ, ಎಲೆಕ್ಟ್ರೀಷಿಯನ್‌ಗೆ ತೋರಿಸಿ.

ಇದನ್ನು ಪರೀಕ್ಷೆಯಲ್ಲಿ ಕಡ್ಡಾಯ ಮಾಡಿದರೆ ಬಡವರಿಗೆ, ವಯಸ್ಸಾದವರಿಗೆ ಲೈಸೆನ್ಸ್ ಇನ್ನೂ ದೂರ ಆಗಲ್ವಾ?

ತಪ್ಪಾಗಿ ಮಾಡಿದರೆ ಆಗುತ್ತದೆ. ಈ ಆಕ್ಷೇಪವನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಇನ್ನೊಂದು ಕೋರ್ಸ್, ಇನ್ನೊಂದು ಫೀಸು, ಇನ್ನೊಂದು ಸರ್ಟಿಫಿಕೇಟ್ ಅಂತಾದರೆ ದುಡ್ಡಿದ್ದವರು ಕಟ್ಟಿ ಮುಗಿಸುತ್ತಾರೆ, ಇಲ್ಲದವರು ಹೊರಗೆ ಉಳಿಯುತ್ತಾರೆ, ಕಲಿಯುವುದು ಯಾರೂ ಇಲ್ಲ.

ಈಗಿರುವ ಪರೀಕ್ಷೆಯ ಒಳಗೇ ಐದು ನಿಮಿಷ ತೆಗೆದಿಟ್ಟರೆ ಸಾಕು. ಕಾರು ಹೊರಡುವ ಮೊದಲು ಪರೀಕ್ಷಕರು ಒಂದು ಟೈರ್ ತೋರಿಸಿ ‘ಇದರಲ್ಲಿ ಹೋಗಬಹುದಾ?’ ಅಂತ ಕೇಳಲಿ. ಕಾಗದದ ಮೇಲೆ ಒಂದು ದೀಪದ ಚಿತ್ರ ತೋರಿಸಿ ‘ಹೆದ್ದಾರಿಯಲ್ಲಿ ಇದು ಹೊತ್ತಿತು, ಈಗ?’ ಅನ್ನಲಿ. ಬಾನೆಟ್ ಎತ್ತಿಸಿ, ಕೂಲೆಂಟ್ ಮುಚ್ಚಳ ಯಾವುದು, ಯಾವಾಗ ತೆರೆಯಬಾರದು ಅಂತ ಹೇಳಿಸಲಿ. ಇದಕ್ಕೆ ತೋಳಿನ ಬಲ ಬೇಡ, ಸ್ವಂತ ಕಾರು ಬೇಡ, ದುಡ್ಡೂ ಬೇಡ. ಚಕ್ರ ಬಿಚ್ಚಿ ಹಾಕುವುದು ಪಾಠದಲ್ಲಿರಲಿ, ಪರೀಕ್ಷೆಯಲ್ಲಿ ಬೇಡ. ಮೈಯ ಬಲ ಅಳೆದು ಯಾರನ್ನೂ ಫೇಲ್ ಮಾಡಬಾರದು. ಉಳಿದ ಉತ್ತರಗಳಲ್ಲಿ ಒಂದೆರಡು ತಪ್ಪಾದರೆ ಸರಿ ಉತ್ತರ ಅಲ್ಲೇ ಹೇಳಿಕೊಟ್ಟು ಮುಂದೆ ಕಳಿಸಲಿ. ಕೆಂಪು ದೀಪಕ್ಕೆ ‘ನಾಳೆ ನೋಡುತ್ತೇನೆ’ ಅಂದವರನ್ನು ಮಾತ್ರ ಅವತ್ತು ವಾಪಸ್ ಕಳಿಸಿ, ಓದಿಕೊಂಡು ಇನ್ನೊಂದು ದಿನ ಬನ್ನಿ ಅನ್ನಲಿ.